ದೊಡ್ಡ ಗೊಂಬೆ ತರುವ ಮುಂಚೆ ಒಂದು ಫೋನ್

(ಟೇಬಲ್ ಮೇಲೆ ಆಡುವ ಯುದ್ಧದ ಆಟಗಳನ್ನು ಇಷ್ಟಪಡುವ ಗೆಳೆಯರ ಕೂಟದಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಮೊಟಕು ಮಾಡಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಅರ್ಧ ಜನ ವಾರ್‌ಹ್ಯಾಮರ್ ಆಡಿದ್ದೀರಿ. ಇನ್ನರ್ಧ ಜನ ಹೆಸರು ಮಾತ್ರ ಕೇಳಿದ್ದೀರಿ. ಅದಕ್ಕೆ ಮೊದಲು ಆಟ ಏನು ಅಂತ ಚುಟುಕಾಗಿ ಹೇಳಿಬಿಡುತ್ತೇನೆ.

ಆರಡಿ ಉದ್ದ, ನಾಲ್ಕಡಿ ಅಗಲದ ಟೇಬಲ್. ಅದರ ಮೇಲೆ ಥರ್ಮಕೋಲಿನ ಗುಡ್ಡ, ಮುರಿದ ಗೋಡೆಗಳು. ಈ ಕಡೆ ಒಂದು ಸೈನ್ಯ, ಆ ಕಡೆ ಒಂದು ಸೈನ್ಯ. ಒಬ್ಬೊಬ್ಬ ಸೈನಿಕನೂ ಹೆಬ್ಬೆರಳಿನಷ್ಟು ಎತ್ತರದ ಗೊಂಬೆ. ನಾವೇ ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿದ್ದು. ಪ್ರತಿ ಗೊಂಬೆಗೂ ಇಷ್ಟು ಪಾಯಿಂಟ್ ಅಂತ ಒಂದು ಬೆಲೆ ಇರುತ್ತದೆ. ಇಬ್ಬರೂ ಸಮ ಪಾಯಿಂಟಿನ ಸೈನ್ಯ ತರುತ್ತಾರೆ. ಟೇಪು ಹಿಡಿದು ಇಂಚು ಅಳೆದು ಗೊಂಬೆ ನಡೆಸುತ್ತಾರೆ. ಗುಂಡು ತಗಲಿತಾ ಇಲ್ಲವಾ ಅಂತ ಡೈಸ್ ಹಾಕಿ ನೋಡುತ್ತಾರೆ. ಒಂದು ಆಟಕ್ಕೆ ಎರಡೂವರೆ, ಮೂರು ಗಂಟೆ ಹಿಡಿಯುತ್ತದೆ.

ಇವತ್ತು ನಾನು ಮಾತನಾಡುವುದು ಈ ಆಟದ ವಿಶೇಷ ಗೊಂಬೆಗಳ ಬಗ್ಗೆ. ಹೆಸರಿರುವ ಮಹಾವೀರರು, ಸೈನಿಕರ ತಲೆ ಮೇಲೆ ಎದ್ದು ನಿಲ್ಲುವ ದೈತ್ಯ ಯಂತ್ರಗಳು, ಎಲ್ಲರ ಹತ್ತಿರ ಇರದ ಅಪರೂಪದ ಮಾದರಿಗಳು. ನಿಯಮದ ಪುಸ್ತಕ ಇವನ್ನು ತರಬಹುದು ಅನ್ನುತ್ತದೆ. ಆದರೂ ತರುವ ಮುಂಚೆ ಎದುರು ಆಡುವವರಿಗೆ ಹೇಳಬೇಕಾ? ಹೇಳಲೇಬೇಕು ಅಂತ ನಾನು ನಂಬಿದ್ದೇನೆ. ಆ ನಂಬಿಕೆ ನನಗೆ ಪುಸ್ತಕದಿಂದ ಬಂದದ್ದಲ್ಲ, ಒಂದು ಸಂಜೆ ಕೆಡಿಸಿದ್ದರಿಂದ ಬಂದದ್ದು.

2014ರಲ್ಲಿ ನಾನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದೆ. ವಾರ್‌ಹ್ಯಾಮರ್ ಮಾಡುವ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಊರು ಅದು. ಅಲ್ಲಿ ಈ ಆಟ ಆಡುವವರಿಗೆ ಕೊರತೆಯೇ ಇಲ್ಲ. ಆ ವರ್ಷವೇ ವಾರ್‌ಹ್ಯಾಮರ್ 40,000 ಆಟಕ್ಕೆ, ಅಂದರೆ ದೂರದ ಭವಿಷ್ಯದ ಯುದ್ಧಗಳ ವಾರ್‌ಹ್ಯಾಮರ್‌ಗೆ, ಇಂಪೀರಿಯಲ್ ನೈಟ್ ಎಂಬ ಗೊಂಬೆ ಬಂತು. ಗೇಣಿಗೆ ಸ್ವಲ್ಪ ಕಮ್ಮಿ ಎತ್ತರ. ಎರಡು ಕಾಲಿನ ಮೇಲೆ ನಿಂತ ಉಕ್ಕಿನ ರಾಕ್ಷಸ, ಒಂದು ಕೈಯಲ್ಲಿ ತೋಪು, ಇನ್ನೊಂದು ಕೈಯಲ್ಲಿ ಗರಗಸದ ಕತ್ತಿ. ನೋಡಿದ ಕೂಡಲೇ ಮನಸ್ಸು ಹೋಯಿತು. ಊಟದ ದುಡ್ಡು ಉಳಿಸಿ ಉಳಿಸಿ ಮೂರು ಕೊಂಡೆ. ಮೂರು ತಿಂಗಳು ರಾತ್ರಿ ಕೂತು ಬಣ್ಣ ಹಚ್ಚಿದೆ.

ಒಂದು ಗುರುವಾರ ಮೂರನ್ನೂ ಚೀಲದಲ್ಲಿಟ್ಟುಕೊಂಡು ಕ್ಲಬ್ಬಿಗೆ ಹೋದೆ. ಇಷ್ಟು ಪಾಯಿಂಟಿನ ಆಟ ಅಂತ ಮಾತಾಗಿತ್ತು. ಅಷ್ಟೇ ಮಾತಾಗಿದ್ದು. ಎದುರಿಗೆ ಬಂದವರು ಐವತ್ತು ದಾಟಿದ ಒಬ್ಬರು. ಕೆಲಸ ಮುಗಿಸಿ ನೇರ ಬಂದಿದ್ದರು, ಮೈಮೇಲೆ ಇನ್ನೂ ಯೂನಿಫಾರ್ಮ್ ಇತ್ತು. ಅವರ ಸೈನ್ಯ ಇಂಪೀರಿಯಲ್ ಗಾರ್ಡ್. ಅಂದರೆ ಸಾಮಾನ್ಯ ಕಾಲಾಳುಗಳು, ಎಂಬತ್ತು ಜನ. ಪ್ರತಿಯೊಬ್ಬನ ಬೂಟಿಗೂ ಕೆಸರು ಬಳಿದಿದ್ದರು. ಕಂದು ಬಣ್ಣವನ್ನು ಸ್ಪಂಜಿನ ಚೂರಿನಲ್ಲಿ ಒತ್ತಿ ಒತ್ತಿ ಮಾಡಿದ ಕೆಸರು. ಒಬ್ಬನ ಟೋಪಿಯ ಪಟ್ಟಿಯಲ್ಲಿ ಒಂದು ಚಿಕ್ಕ ಚೀಟಿ ಸಿಕ್ಕಿಸಿತ್ತು. ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳು, ಮನೆಯಿಂದ ಬಂದ ಕಾಗದದ ಹಾಗೆ.

ನಾನು ಮೂರು ನೈಟ್‌ಗಳನ್ನು ತೆಗೆದು ಸಾಲಾಗಿ ನಿಲ್ಲಿಸಿದೆ. ಅವರು ಒಂದು ನಿಮಿಷ ನೋಡಿದರು. "ಚೆನ್ನಾಗಿ ಬಣ್ಣ ಹಚ್ಚಿದ್ದೀಯ" ಅಂದರು.

ಈಗ ಸ್ವಲ್ಪ ಲೆಕ್ಕ ಮಾಡೋಣ, ವಿಷಯ ಇರುವುದೇ ಲೆಕ್ಕದಲ್ಲಿ. ಆಗಿನ ನಿಯಮದ ಪ್ರಕಾರ ವಾಹನಗಳಿಗೆ ಕವಚದ ಒಂದು ಸಂಖ್ಯೆ ಇರುತ್ತಿತ್ತು. ನೈಟ್‌ಗೆ ಮುಂದೆ 13, ಪಕ್ಕಕ್ಕೂ ಹಿಂದಕ್ಕೂ 12. ಗುಂಡಿನ ಬಲಕ್ಕೆ ಒಂದು ಡೈಸ್ ಸೇರಿಸಿ ಆ ಸಂಖ್ಯೆ ಮುಟ್ಟಬೇಕು. ಗಾರ್ಡ್ ಸೈನಿಕನ ಲಾಸ್‌ಗನ್ ಬಂದೂಕಿನ ಬಲ 3. ಡೈಸ್‌ನಲ್ಲಿ ಆರು ಬಿದ್ದರೂ 9. ಹನ್ನೆರಡು ಎಲ್ಲಿ, ಒಂಬತ್ತು ಎಲ್ಲಿ? ಎಂಬತ್ತು ಜನರೂ ಸೇರಿ ಇಡೀ ರಾತ್ರಿ ಗುಂಡು ಹಾರಿಸಿದರೂ ನನ್ನ ನೈಟ್‌ನ ಬಣ್ಣ ಕೂಡ ಕೆರೆಯುತ್ತಿರಲಿಲ್ಲ.

ಅವರ ಹತ್ತಿರ ಎರಡು ಲಾಸ್‌ಕ್ಯಾನನ್ ತೋಪು ಇದ್ದವು. ಅದರ ಬಲ 9. ಗುರಿ ತಗಲುವುದಕ್ಕೆ ಅರ್ಧ ಅವಕಾಶ. ತಗಲಿದರೆ ಮುಂಭಾಗದ 13 ಮುಟ್ಟುವುದಕ್ಕೆ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕು, ಅದೂ ಅರ್ಧ. ಮುಟ್ಟಿದರೂ ನೈಟ್‌ನ ಗುರಾಣಿ ಅರ್ಧದಷ್ಟು ಸಲ ತಡೆಯುತ್ತದೆ. ಒಟ್ಟು ಎಂಟರಲ್ಲಿ ಒಂದು. ಆರು ಸುತ್ತಿನ ಆಟದಲ್ಲಿ ಎರಡು ತೋಪಿನಿಂದ ಹನ್ನೆರಡು ಗುಂಡು. ಸರಾಸರಿ ಒಂದೋ ಎರಡೋ ನಾಟುತ್ತವೆ. ಒಂದು ನೈಟ್ ಬೀಳಬೇಕಾದರೆ ಆರು ಏಟು ಬೇಕು. ನನ್ನ ಹತ್ತಿರ ಮೂರು ನೈಟ್ ಇದ್ದವು.

ಪಾಯಿಂಟ್ ಇಬ್ಬರದ್ದೂ ಸಮ. ನಾನು ಒಂದೂ ನಿಯಮ ಮುರಿದಿರಲಿಲ್ಲ. ಆದರೆ ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಅವರಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಡೈಸ್ ಕೈಯಲ್ಲಿ ಹಿಡಿದಿದ್ದರು. ಹಾಕಿ ಪ್ರಯೋಜನ ಇರಲಿಲ್ಲ. ತಮ್ಮ ಸತ್ತ ಗೊಂಬೆಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಇಡುತ್ತಾ ಇದ್ದರು. ಆ ಚೀಟಿ ಇದ್ದ ಸೈನಿಕನನ್ನೂ ಎತ್ತಿಟ್ಟರು. ಕೊನೆಗೆ ಕೈಕುಲುಕಿ, ಥ್ಯಾಂಕ್ಸ್ ಹೇಳಿ ಬಸ್ಸಿಗೆ ಹೊರಟರು. ನಾನು ಗೆದ್ದೆ. ವಾಪಸ್ ರೂಮಿಗೆ ನಡೆದು ಬರುವಾಗ ಹೊಟ್ಟೆಯಲ್ಲಿ ಏನೋ ಸಂಕಟ. ಅವರು ವಾರಕ್ಕೆ ಒಂದೇ ಸಂಜೆ ಬಿಡುವು ಮಾಡಿಕೊಂಡು ಬಂದಿದ್ದವರು. ಆ ಸಂಜೆಯನ್ನು ನಾನು ತೆಗೆದುಕೊಂಡೆ.

ನಮ್ಮ ಬೀದಿ ಕ್ರಿಕೆಟ್ ನೆನಪು ಮಾಡಿಕೊಳ್ಳಿ. ಟೆನಿಸ್ ಬಾಲ್ ಮ್ಯಾಚು ಅಂತ ಹುಡುಗರು ಚಪ್ಪಲಿಯಲ್ಲೇ ಬಂದಿರುತ್ತಾರೆ. ಒಬ್ಬ ಲೆದರ್ ಬಾಲ್ ತರುತ್ತಾನೆ. ಲೆದರ್ ಬಾಲಿನಲ್ಲಿ ಆಡುವುದು ತಪ್ಪೇನಲ್ಲ, ನಿಜವಾದ ಕ್ರಿಕೆಟ್ ಅದೇ. ಆದರೆ ಮೊದಲೇ ಹೇಳಿದ್ದರೆ ಉಳಿದವರು ಪ್ಯಾಡು, ಗ್ಲೌಸು ತರುತ್ತಿದ್ದರು ಅಲ್ವಾ? ಗೊಂಬೆ ಆಟದಲ್ಲೂ ಅಷ್ಟೇ. ನೈಟ್ ಬರುತ್ತೆ ಅಂತ ಗೊತ್ತಿದ್ದರೆ ಅವರು ಮನೆಯಿಂದ ಟ್ಯಾಂಕು ತರುತ್ತಿದ್ದರು, ಇನ್ನೂ ನಾಲ್ಕು ತೋಪು ತರುತ್ತಿದ್ದರು. ಆ ದೊಡ್ಡ ಗೊಂಬೆ ಬೀಳಿಸುವುದರಲ್ಲೂ ಒಂದು ಮಜಾ ಇದೆ. ಆ ಮಜಾ ಅವರಿಗೆ ಸಿಗಬೇಕಿತ್ತು.

ಪಾಯಿಂಟ್ ಎನ್ನುವುದು ಸರಾಸರಿ ಲೆಕ್ಕ. ಎಲ್ಲ ಥರದ ಸೈನ್ಯದ ಎದುರು ಈ ಗೊಂಬೆ ಎಷ್ಟು ಬಾಳುತ್ತದೆ ಎಂಬುದಕ್ಕೆ ಹಾಕಿದ ಬೆಲೆ. ನಿಮ್ಮ ಎದುರು ಕೂತಿರುವುದು ಎಲ್ಲ ಥರದ ಸೈನ್ಯ ಅಲ್ಲ. ಇವತ್ತು ಒಬ್ಬರು ಹೊತ್ತು ತಂದ ಒಂದು ಡಬ್ಬಿ. ಸಾಮಾನ್ಯ ಗೊಂಬೆಗಳಲ್ಲಿ ಈ ವ್ಯತ್ಯಾಸ ದೊಡ್ಡದಾಗುವುದಿಲ್ಲ. ವಿಶೇಷ ಗೊಂಬೆ ಬಂದ ಕೂಡಲೇ ಆಟದ ಜಾತಿಯೇ ಬದಲಾಗುತ್ತದೆ. ಅದಕ್ಕೇ ಪಾಯಿಂಟ್ ಹೇಳಿದರೆ ಸಾಲದು, ಏನು ತರುತ್ತೇನೆ ಅಂತಲೂ ಹೇಳಬೇಕು.

ಇದು ಹೊಸ ಸಮಸ್ಯೆ ಅಲ್ಲ. ಹಿರಿಯ ಆಟಗಾರರನ್ನು ಕೇಳಿ. 90ರ ದಶಕದ ವಾರ್‌ಹ್ಯಾಮರ್ ಫ್ಯಾಂಟಸಿ ಆಟಕ್ಕೆ, ಅಂದರೆ ಕತ್ತಿ ಮತ್ತು ಮಂತ್ರಗಳ ವಾರ್‌ಹ್ಯಾಮರ್‌ಗೆ, ಜನ ಹೀರೋಹ್ಯಾಮರ್ ಅಂತ ಅಡ್ಡಹೆಸರು ಇಟ್ಟಿದ್ದರು. ಡ್ರ್ಯಾಗನ್ ಮೇಲೆ ಕೂತ ಒಬ್ಬ ವೀರ, ಅವನ ಕೈಯಲ್ಲಿ ಮಂತ್ರದ ಕತ್ತಿ. ಅವನೊಬ್ಬನೇ ಇಡೀ ರೆಜಿಮೆಂಟನ್ನು ಮುಗಿಸುತ್ತಿದ್ದ. ಉಳಿದ ಗೊಂಬೆಗಳು ಸುಮ್ನೆ ನೋಡುತ್ತಾ ನಿಲ್ಲಬೇಕು. 1998ರಲ್ಲಿ 40,000ರ ಮೂರನೇ ಆವೃತ್ತಿ ಬಂತು. ಆ ಕಾಲದ ಸೈನ್ಯದ ಪುಸ್ತಕಗಳಲ್ಲಿ ಹೆಸರಿರುವ ವೀರರ ಪುಟದಲ್ಲಿ ಒಂದು ಷರತ್ತು ಇರುತ್ತಿತ್ತು. ಇಬ್ಬರೂ ಆಟಗಾರರು ಒಪ್ಪಿದರೆ ಮಾತ್ರ ಈ ವೀರನನ್ನು ಬಳಸಬಹುದು ಅಂತ. ಅಬ್ಯಾಡನ್ ಬೇಕಾ, ಎಲ್ಡ್ರಾಡ್ ಬೇಕಾ, ಮೊದಲು ಎದುರಿನವರನ್ನು ಕೇಳು.

ನನಗೆ ಆ ಷರತ್ತು ಬಹಳ ಇಷ್ಟ. ಆಟ ಶುರುವಾಗುವ ಮುಂಚೆ ಇಬ್ಬರು ಅಪರಿಚಿತರು ಮಾತನಾಡುವ ಹಾಗೆ ಅದು ಮಾಡುತ್ತಿತ್ತು. ಮುಂದಿನ ಆವೃತ್ತಿಗಳ ಪುಸ್ತಕಗಳಲ್ಲಿ ಅದು ಸದ್ದಿಲ್ಲದೆ ಮಾಯವಾಯಿತು. ವೀರರೂ ಎಲ್ಲ ಗೊಂಬೆಗಳ ಹಾಗೆ ಪಟ್ಟಿಯಲ್ಲಿ ಸೇರಿಕೊಂಡರು.

ದೈತ್ಯ ಯಂತ್ರಗಳ ಕಥೆಯೂ ಹೀಗೇ. ಕಂಪನಿಯ ಫೋರ್ಜ್ ವರ್ಲ್ಡ್ ವಿಭಾಗ ರೆಸಿನ್ ಎಂಬ ಗಟ್ಟಿ ರಾಳದಲ್ಲಿ ದೊಡ್ಡ ದೊಡ್ಡ ಮಾದರಿ ಮಾಡುತ್ತಿತ್ತು. ಮೊದಮೊದಲು ಅವನ್ನು ಸಾಮಾನ್ಯ ಆಟಕ್ಕೆ ತರುವವರು ಕೇಳಿಯೇ ತರುತ್ತಿದ್ದರು. 2007ರಲ್ಲಿ ಅಪೊಕಲಿಪ್ಸ್ ಅಂತ ದೈತ್ಯರ ಆಟಕ್ಕೇ ಒಂದು ಬೇರೆ ಪುಸ್ತಕ ತಂದರು. ದೈತ್ಯರಿಗೆ ಅದೇ ಜಾಗ. ಆ ಆಟಕ್ಕೆ ಬರುವವರಿಗೆ ಏನು ಎದುರಾಗುತ್ತದೆ ಅಂತ ಗೊತ್ತಿರುತ್ತಿತ್ತು. 2013ರ ಕೊನೆಗೆ ಎಸ್ಕಲೇಷನ್ ಎಂಬ ಪುಸ್ತಕ ಬಂತು. ದೈತ್ಯರು ಸಾಮಾನ್ಯ ಆಟದೊಳಗೂ ಬರಬಹುದು ಅಂತಾಯಿತು. ಮರುವರ್ಷ ನೈಟ್ ಬಂತು, ನೈಟ್‌ಗಳದ್ದೇ ಇಡೀ ಸೈನ್ಯ ಕಟ್ಟುವ ಪುಸ್ತಕವೂ ಬಂತು. ಅದೇ ಪುಸ್ತಕ ಹಿಡಿದು ನಾನು ಆ ಗುರುವಾರ ಹೋಗಿದ್ದು.

ಈಗ ನಿಯಮ ಬದಲಾಗಿದೆಯಲ್ಲ ಅಂತ ಕೆಲವರು ಹೇಳುತ್ತಾರೆ. ನಿಜ, 2017ರ ಎಂಟನೇ ಆವೃತ್ತಿಯಿಂದ ಯಾವ ಬಂದೂಕೂ ಯಾವುದನ್ನೂ ಗಾಯ ಮಾಡಬಹುದು, ಆರು ಬಿದ್ದರೆ ಸಾಕು. ಆದರೆ ಆ ಆವೃತ್ತಿಯ ನೈಟ್‌ಗೆ 24 ಜೀವ. ಲಾಸ್‌ಗನ್ ಲೆಕ್ಕ ಹಾಕಿ ನೋಡಿ. ತಗಲುವುದು ಎರಡರಲ್ಲಿ ಒಂದು, ಗಾಯ ಆರರಲ್ಲಿ ಒಂದು, ಕವಚ ತಡೆಯದೇ ಹೋಗುವುದು ಮೂರರಲ್ಲಿ ಒಂದು. ಮೂವತ್ತಾರು ಗುಂಡಿಗೆ ಒಂದು ಜೀವ. 24 ಜೀವಕ್ಕೆ 864 ಗುಂಡು. ಆಸೆ ಹುಟ್ಟಿತು ಅಷ್ಟೇ, ಸಂಜೆ ಉಳಿಯಲಿಲ್ಲ.

ಇತಿಹಾಸದ ಯುದ್ಧಗಳನ್ನು ಆಡುವವರಿಗೆ ಈ ಪ್ರಶ್ನೆ ಇನ್ನೊಂದು ಥರ ಬರುತ್ತದೆ. ಎರಡನೇ ಮಹಾಯುದ್ಧದ ಆಟ ಅಂದರೆ ಎಲ್ಲರಿಗೂ ಟೈಗರ್ ಟ್ಯಾಂಕ್ ಬೇಕು. ಜರ್ಮನಿ ಟೈಗರ್‌ನ ಮೊದಲ ಮಾದರಿಯನ್ನು ಮಾಡಿದ್ದು ಸುಮಾರು 1,350. ಅಮೆರಿಕ ಶೆರ್ಮನ್ ಟ್ಯಾಂಕ್ ಮಾಡಿದ್ದು 49,000ದ ಆಸುಪಾಸು. ಯುದ್ಧಭೂಮಿಯಲ್ಲಿ ಟೈಗರ್ ಕಾಣದೇ ಯುದ್ಧ ಮುಗಿಸಿದ ಸೈನಿಕರು ಎಷ್ಟೋ ಜನ. ನಮ್ಮ ಟೇಬಲ್‌ಗಳ ಮೇಲೆ ಮಾತ್ರ ವಾರವಾರವೂ ಟೈಗರ್ ಬರುತ್ತದೆ. ಬೋಲ್ಟ್ ಆ್ಯಕ್ಷನ್ ಆಟದಲ್ಲಿ ಕವಚದ ವಾಹನಕ್ಕೆ ರೈಫಲ್ ಗುಂಡು ನಾಟುವುದೇ ಇಲ್ಲ. ಹಾಗಾಗಿ ಹೇಳದೇ ಟೈಗರ್ ತಂದರೆ ನನ್ನ ನೈಟ್ ತಂದಂತೆಯೇ.

ನೆಪೋಲಿಯನ್ ಕಾಲದ ಆಟದಲ್ಲಿ ಇಂಥ ಆಸೆಯ ವಸ್ತು ಬ್ರಿಟಿಷರ ರಾಕೆಟ್ ದಳ. ಇದು ನಮ್ಮೂರಿಗೆ ಸೇರಿದ ವಿಷಯ ಅಂತ ನಿಮಗೆ ಗೊತ್ತೇ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರಾಕೆಟ್‌ಗಳು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರಕ್ಕೆ ಹೋದವು. ಕಬ್ಬಿಣದ ಕೊಳವೆ, ಅದಕ್ಕೆ ಕಟ್ಟಿದ ಬಿದಿರು. ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. 1813ರ ಲೈಪ್‌ಜಿಗ್ ಯುದ್ಧದಲ್ಲಿ ಬ್ರಿಟಿಷರ ಕಡೆಯಿಂದ ಹೋಗಿದ್ದು ಅದೊಂದು ಚಿಕ್ಕ ರಾಕೆಟ್ ದಳ ಮಾತ್ರ. ವಾಟರ್ಲೂನಲ್ಲೂ ಒಂದು ದಳ ಇತ್ತು. ಒಂದು ಅಥವಾ ಎರಡು, ಅಷ್ಟೇ. ಆ ಗೊಂಬೆಯನ್ನು ನಾನೂ ಕಟ್ಟಬೇಕು ಅಂತಿದ್ದೇನೆ, ಮೈಸೂರಿನ ಕೊಂಡಿ ಇದೆ ಅನ್ನುವ ಪ್ರೀತಿಗೆ. ಕಟ್ಟಿದ ಮೇಲೆ ಪ್ರತಿ ಆಟಕ್ಕೂ ಹೊತ್ತುಕೊಂಡು ಹೋಗುವುದಿಲ್ಲ. ಅಪರೂಪದ್ದು ಅಪರೂಪಕ್ಕೆ ಬಂದರೇ ಅದಕ್ಕೆ ಬೆಲೆ.

ಹಾಗಾದರೆ ಹೇಗೆ ಕೇಳಬೇಕು? ಇದನ್ನು ನನಗೆ ಕಲಿಸಿದ್ದು ಅದೇ ಕ್ಲಬ್ಬಿನ ಇನ್ನೊಬ್ಬ ಗೆಳೆಯ. ಮರುವರ್ಷ ಒಂದು ಸೋಮವಾರ ಫೋನ್ ಮಾಡಿದ. "ಗುರುವಾರ ಆಡೋಣ ಅಂದಿದ್ದೆವಲ್ಲ. ಒಂದು ದೊಡ್ಡ ಗೊಂಬೆ ಮುಗಿಸಿದ್ದೀನಿ, ತರಲಾ? ಅದು ಇಂಥದ್ದು, ಇಷ್ಟು ಬಲ. ನಿನ್ನ ಹತ್ತಿರ ಅದಕ್ಕೆ ತಕ್ಕದ್ದು ಇದೆಯಾ? ಇಲ್ಲದಿದ್ದರೆ ನನ್ನ ಟ್ಯಾಂಕು ಎರಡು ನಿನಗೆ ಕೊಡ್ತೀನಿ. ಬೇಡ ಅಂದರೂ ಪರವಾಗಿಲ್ಲ, ಮಾಮೂಲಿ ಸೈನ್ಯ ತರ್ತೀನಿ." ಒಂದೂವರೆ ನಿಮಿಷದ ಫೋನು ಅಷ್ಟೇ.

ಆ ಮಾತಿನಲ್ಲಿ ಏನೇನಿತ್ತು ನೋಡಿ. ಮೂರು ದಿನ ಮುಂಚೆ ಹೇಳಿದ, ನಾನು ಡಬ್ಬಿ ತುಂಬುವ ಮೊದಲು. ಆ ಗೊಂಬೆ ಏನು ಮಾಡುತ್ತದೆ ಅಂತ ಹೇಳಿದ. ತನ್ನ ಟ್ಯಾಂಕನ್ನೇ ಎರವಲು ಕೊಡುತ್ತೇನೆ ಅಂದ. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಬೇಡ ಅನ್ನುವುದಕ್ಕೆ ಜಾಗ ಬಿಟ್ಟ. ಟೇಬಲ್ ಹತ್ತಿರ ಬಂದ ಮೇಲೆ, ಗೊಂಬೆ ತೆಗೆದು ನಿಲ್ಲಿಸಿದ ಮೇಲೆ "ಪರವಾಗಿಲ್ವಾ?" ಅಂದರೆ ಯಾರು ತಾನೇ ಬೇಡ ಅಂದಾರು? ಅದು ಕೇಳಿದ ಹಾಗೆ ಆಗಲಿಲ್ಲ.

ಆವತ್ತು ನಾವು ಒಂದು ಕಥೆಯನ್ನೂ ಕಟ್ಟಿಕೊಂಡೆವು. ಅವನ ದೈತ್ಯ ಸೇತುವೆ ದಾಟಬೇಕು, ನಾನು ಐದು ಸುತ್ತು ತಡೆಯಬೇಕು. ಕೊಲ್ಲಬೇಕಿಲ್ಲ, ತಡೆದರೆ ಸಾಕು. ನಾಲ್ಕನೇ ಸುತ್ತಿಗೆ ನನ್ನ ಸೈನ್ಯದಲ್ಲಿ ಏಳು ಜನ ಉಳಿದಿದ್ದರು. ಐದನೆಯದರಲ್ಲಿ ಅವನು ದಾಟಿಯೇ ಬಿಟ್ಟ. ನಾನು ಸೋತೆ. ಆ ಊರಿನಲ್ಲಿ ನಾನು ಆಡಿದ ಎಲ್ಲ ಆಟಗಳಲ್ಲಿ ಅದೇ ಒಳ್ಳೆಯ ಆಟ.

ಕೇಳಿ ತಂದರೆ ಕೆಲಸ ಮುಗಿಯುವುದಿಲ್ಲ. ವಿಶೇಷ ಗೊಂಬೆಯ ನಿಯಮ ಎದುರಿನವರಿಗೆ ಬಾಯಿಪಾಠ ಇರುವುದಿಲ್ಲ. ಆ ಪುಸ್ತಕ ಅವರು ಕೊಂಡಿರುವುದಿಲ್ಲ. ಆದ್ದರಿಂದ ಪುಟವನ್ನು ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಡಿ, ಅವರ ಕಡೆ. ಆಟದ ಮಧ್ಯೆಯೂ ಹೇಳುತ್ತಿರಿ. ಅವರು ಒಂದು ಗುಂಪನ್ನು ಗೋಡೆಯ ಹಿಂದೆ ನಡೆಸುತ್ತಿದ್ದಾರೆ ಅಂದುಕೊಳ್ಳಿ, ಅಲ್ಲಿ ಕ್ಷೇಮ ಅಂತ. ನಿಮ್ಮ ಗೊಂಬೆ ಗೋಡೆಯಾಚೆಗೂ ಹೊಡೆಯುತ್ತದೆ. ಆಗ ಬಾಯಿ ಬಿಡಿ. "ಸರ್, ಅಲ್ಲಿ ನಿಲ್ಲಿಸಿದರೂ ಇದು ಹೊಡೆಯುತ್ತೆ, ನೋಡಿಕೊಳ್ಳಿ." ಹೊಡೆದಾದ ಮೇಲೆ ಪುಸ್ತಕ ತೆಗೆದು ತೋರಿಸುವುದರಲ್ಲಿ ಜಾಣತನ ಇಲ್ಲ. ಅವರಿಗೆ ಗೊತ್ತಿದ್ದೂ ನೀವು ಗೆದ್ದರೆ ಅದು ಗೆಲುವು.

ಈಗ ಟೇಬಲ್ಲಿನ ಆ ಕಡೆ ಬರೋಣ. ಒಬ್ಬರು ವಿಶೇಷ ಗೊಂಬೆ ತರಲಾ ಅಂತ ಕೇಳಿದರೆ, ಕೇಳಿಸಿಕೊಳ್ಳುವವರಿಗೂ ಒಂದು ಜವಾಬ್ದಾರಿ ಇದೆ. ರೆಸಿನ್ ಗೊಂಬೆ ಕಟ್ಟುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಸೊಟ್ಟಗಾದ ಭಾಗವನ್ನು ಬಿಸಿನೀರಿಗೆ ಹಾಕಿ ನೆಟ್ಟಗೆ ಮಾಡಬೇಕು. ಉಜ್ಜುವಾಗ ಮಾಸ್ಕ್ ಹಾಕಬೇಕು, ಆ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ಭಾರದ ಕೈಕಾಲು ಅಂಟಿನಲ್ಲಿ ನಿಲ್ಲುವುದಿಲ್ಲ, ಸಣ್ಣ ಡ್ರಿಲ್ಲಿನಲ್ಲಿ ತೂತು ಕೊರೆದು ತಂತಿ ತೂರಿಸಬೇಕು. ಫೋರ್ಜ್ ವರ್ಲ್ಡ್‌ನ ವಾರ್‌ಲಾರ್ಡ್ ಟೈಟನ್ ಎಂಬ ದೈತ್ಯ ಯಂತ್ರ ಎರಡಡಿಗೆ ಹತ್ತಿರ ಎತ್ತರ, ಬೆಲೆ ಸಾವಿರ ಪೌಂಡಿಗೂ ಜಾಸ್ತಿ ಇತ್ತು. ಅಷ್ಟೆಲ್ಲ ಮಾಡಿದವರಿಗೆ "ದುಡ್ಡು ಕೊಟ್ಟು ಗೆಲ್ಲೋಕೆ ಬಂದಿದ್ದೀಯ" ಅನ್ನಬೇಡಿ. "ಇವತ್ತು ನನ್ನ ಹತ್ತಿರ ಇಷ್ಟೇ ಇದೆ, ಮುಂದಿನ ವಾರ ರೆಡಿಯಾಗಿ ಬರ್ತೀನಿ" ಅನ್ನಿ. ಮುಂದಿನ ವಾರ ನಿಜವಾಗಿ ರೆಡಿಯಾಗಿ ಬನ್ನಿ.

ಹಳೆಯ ಗೊಂಬೆಗಳ ವಿಷಯದಲ್ಲಂತೂ ಧಾರಾಳವಾಗಿರಿ. ಕಂಪನಿ ಮಾರುವುದು ನಿಲ್ಲಿಸಿದ ಎಷ್ಟೋ ಗೊಂಬೆಗಳ ನಿಯಮ ಈಗ ಲೆಜೆಂಡ್ಸ್ ಎಂಬ ಪಟ್ಟಿಗೆ ಹೋಗಿದೆ. 2023ರಲ್ಲಿ ಹತ್ತನೇ ಆವೃತ್ತಿ ಬಂದಾಗ ಫೋರ್ಜ್ ವರ್ಲ್ಡ್ ಮಾದರಿಗಳು ಬಹಳಷ್ಟು ಅಲ್ಲಿಗೆ ಸರಿದವು. ಟೂರ್ನಮೆಂಟುಗಳಿಗೆ ಇವು ಬೇಡ ಅನ್ನುವುದು ಕಂಪನಿಯ ಸಲಹೆ. ಕೆಲವರು ಇದನ್ನೇ ಹಿಡಿದುಕೊಂಡು ಭಾನುವಾರದ ಆಟಕ್ಕೂ ಬೇಡ ಅನ್ನುತ್ತಾರೆ. ಒಬ್ಬರು ಹತ್ತು ವರ್ಷ ಜೋಪಾನ ಮಾಡಿದ ಗೊಂಬೆ ಅದು. ಅದು ಟೇಬಲ್ ಮೇಲೆ ಬರಬೇಕಾದರೆ ಈಗ ಇರುವ ದಾರಿ ನಿಮ್ಮ ಒಪ್ಪಿಗೆಯೊಂದೇ.

ಟೂರ್ನಮೆಂಟ್ ಬೇರೆ. ಅಲ್ಲಿ ನಡೆಸುವವರ ನಿಯಮವೇ ನಿಯಮ, ಎಲ್ಲರೂ ಗೊತ್ತಿದ್ದೇ ಬಂದಿರುತ್ತಾರೆ. ಯಾರನ್ನೂ ಕೇಳಬೇಕಿಲ್ಲ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ನಾಟಿಂಗ್‌ಹ್ಯಾಮ್‌ನಲ್ಲಿ ಒಬ್ಬರ ಜೊತೆ ಆಟ ಕೆಟ್ಟರೆ ಪಕ್ಕದ ಟೇಬಲ್ಲಿಗೆ ಹೋಗಬಹುದು. ಇಲ್ಲಿ ನಾವು ಎಷ್ಟು ಜನ ಇದ್ದೇವೆ? ಗೊಂಬೆ ಹೊರಗಿನಿಂದ ತರಿಸಬೇಕು, ಕಸ್ಟಮ್ಸ್ ಕಟ್ಟಬೇಕು. ಮನೆಯವರಿಗೆ ಇದೇನು ಅಂತ ವಿವರಿಸಬೇಕು. ಅಷ್ಟೆಲ್ಲ ದಾಟಿ ಒಬ್ಬ ಹುಡುಗ ಹತ್ತು ಗೊಂಬೆ ಹಿಡಿದುಕೊಂಡು ಮೊದಲ ಸಲ ಬಂದಿರುತ್ತಾನೆ. ಆವತ್ತು ಅವನ ಎದುರು ದೈತ್ಯನನ್ನು ಇಳಿಸಬೇಡಿ. ಅವನು ಮೂರನೇ ಸಲ ಬಂದಾಗ ದೈತ್ಯನನ್ನು ತೋರಿಸಿ. ಆಗ ಅವನೇ "ಇದರ ಎದುರು ಆಡೋಣ" ಅಂತ ಕೇಳುತ್ತಾನೆ.

ಇಬ್ಬರು ಪ್ರಶ್ನೆ ಕೇಳಿದರು. ಮೊದಲನೆಯವರ ಪ್ರಶ್ನೆ: "ನಾನು ತ್ರೀಡಿ ಪ್ರಿಂಟರ್‌ನಲ್ಲಿ ದೊಡ್ಡ ಗೊಂಬೆ ಪ್ರಿಂಟ್ ಮಾಡಿದ್ದೀನಿ. ಅದನ್ನು ಬೇರೆ ಗೊಂಬೆಯ ಬದಲಿಗೆ ಬಳಸಬಹುದಾ?" ಮೊದಲು ಹೇಳಿದರೆ ಮನೆಯಾಟದಲ್ಲಿ ತೊಂದರೆ ಇಲ್ಲ ಅಂದೆ. ಆದರೆ ಎತ್ತರ, ಅಗಲ, ತಳದ ಅಳತೆ ನಿಜವಾದ ಗೊಂಬೆಯಷ್ಟೇ ಇರಬೇಕು. ಗೋಡೆಯ ಹಿಂದೆ ಕಾಣುತ್ತದೋ ಇಲ್ಲವೋ ಎಂಬುದು ಅಳತೆಯ ಮೇಲೆ ನಿಂತಿದೆ. ಕೈಯಲ್ಲಿ ಯಾವ ಆಯುಧ ಕಾಣುತ್ತದೋ ಅದೇ ಆಯುಧ ಇರಲಿ. ಮೂರು ಗಂಟೆ ಹೊತ್ತು "ಅದು ಕತ್ತಿ ಅಲ್ಲ, ತೋಪು ಅಂದುಕೊಳ್ಳಿ" ಅಂತ ಎದುರಿನವರು ನೆನಪಿಟ್ಟುಕೊಳ್ಳುವುದು ಕಷ್ಟ.

ಎರಡನೆಯದು ಕಾಲೇಜಿನ ಹುಡುಗಿಯೊಬ್ಬಳದು: "ಆ ಐವತ್ತು ದಾಟಿದವರ ಜೊತೆ ಮತ್ತೆ ಆಡಿದ್ರಾ ಸರ್?" ಇಲ್ಲ. ನಾನು ಎರಡು ಗುರುವಾರ ಕಾಲಾಳುಗಳನ್ನು ಮಾತ್ರ ತೆಗೆದುಕೊಂಡು ಹೋಗಿ ಕಾದೆ. ಅವರ ಪಾಳಿ ಬದಲಾಗಿದೆ ಅಂತ ಯಾರೋ ಹೇಳಿದರು. ಅಷ್ಟರಲ್ಲಿ ನನ್ನ ಪರೀಕ್ಷೆ ಬಂತು.

ಆ ಮೂರರಲ್ಲಿ ಒಂದು ನೈಟ್ ಇವತ್ತು ತಂದಿದ್ದೇನೆ, ಹಿಂದಿನ ಟೇಬಲ್ ಮೇಲಿದೆ. ಟೀ ಕುಡಿಯುತ್ತಾ ನೋಡಿ, ಕೈಗೆ ಎತ್ತಿಕೊಂಡೂ ನೋಡಿ. ಕತ್ತಿಯ ಕೈ ಒಂದು ಸಲ ಮುರಿದು ಅಂಟಿಸಿದ್ದು, ಅದಕ್ಕೆ ತಳ ಹಿಡಿದು ಎತ್ತಿ.